ಮುಟ್ಟದ ಕಾಗೆ

ಡೊಂಬಿವಲಿಯ ನಾಲ್ಕನೇ ಮಹಡಿಯ ಗ್ರಿಲ್ಲಿಗೆ
ಕಾಗೆಗಳೇನೋ ದಿನವೂ ಬರುತ್ತವೆ,
ಒಣಹಾಕಿದ ಕಾಲುಚೀಲದ ಪಕ್ಕ ಕೂತು
ನಿನ್ನೆಯ ಪಾವಿನ ಚೂರು ಕೇಳುತ್ತವೆ.
ಮುಟ್ಟುವುದಿಲ್ಲ.
ಕ್ಯಾಲೆಂಡರಿನ ಕೆಂಪು ಗುರುತು ಜ್ಯೇಷ್ಠಕ್ಕೇ ನಿಂತಿದೆ.
ಆಮೇಲೆ ಬರೀ ಹಾಲಿನವನ ಲೆಕ್ಕ.

ಫೋನಿನಲ್ಲಿ ಅತ್ತೆ ದನಿ ತಗ್ಗಿಸಿ
"ಏನಾದರೂ ವಿಶೇಷವೇನೇ?"
ವಿಶೇಷವೇನಿಲ್ಲ ಅತ್ತೆ.
ನಿಮ್ಮ ಮಗನದು ಹಗಲು ಪಾಳಿ, ನನ್ನದು ರಾತ್ರಿ.
ಒಬ್ಬರು ಎದ್ದು ಹೋದ ಹಾಸಿಗೆಯ ಬಿಸಿಯಲ್ಲಿ
ಇನ್ನೊಬ್ಬರು ಮಲಗಿ ಸಂಸಾರ ಮಾಡುತ್ತೇವೆ.
ಮೆಡಿಕಲ್ಲಿನ ಕಡ್ಡಿಯನ್ನೂ ನೋಡಿಯಾಯಿತು,
ಒಂದೇ ಗೀಟು.

ಐರೋಲಿಯಲ್ಲಿ ನಾನು ವಿಮೆಯ ಫೈಲು ನೋಡುವವಳು.
ಬಿಲ್ಲು, ಸಹಿ, ದಿನಾಂಕ.
ಯಾವ ಯಾವ ಊರಿನ ಹೆಂಗಸರೋ,
ಅವರ ಅತಿಸ್ರಾವಕ್ಕೊಂದು ಸಂಖ್ಯೆ ಕೊಟ್ಟು
ಮುಂದೆ ತಳ್ಳುತ್ತೇನೆ, ರಾತ್ರಿಗೆ ತೊಂಬತ್ತು.
ಒಂದು ಕಡಿಮೆಯಾದರೂ
ಪರದೆಯ ಮೂಲೆ ಕೆಂಪಾಗುತ್ತದೆ.
ನಾನು ಕಾಣುವ ಕೆಂಪು ಅಷ್ಟೇ.

ಡಾಕ್ಟರ್ ಗೋಡಬೋಲೆ ರಿಪೋರ್ಟು ಮಡಚಿದರು.
"ಟೆನ್ಶನ್ ಘೇವೂ ನಕಾ."
ಹೊಟ್ಟೆತುಂಬ ಊಟ, ಕಣ್ತುಂಬ ನಿದ್ದೆ ಅಂತೆ,
ಎಂಟುನೂರು ಕೊಟ್ಟು ಕೇಳಿಸಿಕೊಂಡೆ.
ಮೆಟ್ಟಿಲಿಳಿಯುತ್ತ ಅನಿಸಿತು, ಒಳಗಿನವಳು ಜಾಣೆ.
ಅಕ್ಕಿಡಬ್ಬದ ತಳ ನೋಡಿದ್ದಾಳೆ,
ಬಾರದ ನೆಂಟರ ಕೋಣೆಗೆ ಯಾಕೆ ದೀಪ ಎಂದು
ಆರಿಸಿ, ಅಗಳಿ ಜಡಿದು ಕೂತಿದ್ದಾಳೆ.
ಬೈಯಲೂ ಬಾಯಿ ಬರಲಿಲ್ಲ.

ಅಜ್ಜಿ ತಿಂಗಳಿಗೆ ಮೂರು ದಿನ ಹೊರಗೆ.
ಚಾಪೆ, ಚೊಂಬು, ಹಿತ್ತಿಲ ಬಾಗಿಲ ಮೂಲೆ.
ಶಪಿಸುತ್ತಿದ್ದಳು,
ಶಪಿಸುತ್ತಲೇ ನಿದ್ದೆ ಹೋಗುತ್ತಿದ್ದಳು.
ನಾನು ಮೂವತ್ತು ದಿನವೂ ಹೊರಗೆ,
ಒಂದು ದಿನವೂ ಹೊರಗಾಗದೆ.

ಇವತ್ತು ಬೆಳಿಗ್ಗೆ, ಪಾಳಿ ಮುಗಿಸಿ ಬರುವಾಗ,
ದಿವಾದಲ್ಲಿ ಹೆಂಗಸರ ಡಬ್ಬಿ ಹತ್ತಿದ ಹುಡುಗಿ
ಓಢಣಿಯನ್ನು ಸೊಂಟದ ಹಿಂದಕ್ಕೆ ಎಳೆದುಕೊಂಡು
ಬಂದು ಕಿವಿಯಲ್ಲಿ ಕೇಳಿದಳು: "ತಾಯೀ, ಆಹೇ ಕಾ?"
ಅವಳ ಮರಾಠಿಯಲ್ಲಿ ಅದು ಅಕ್ಕ.
ನನ್ನ ಕಿವಿ ಕನ್ನಡದ್ದು.

ಚೀಲದ ಒಳಜೇಬಿನಲ್ಲಿತ್ತು ಒಂದು ಪ್ಯಾಡು,
ಏಳು ತಿಂಗಳು ಚಿಲ್ಲರೆಗೂ ಬೀಗದಕೈಗೂ ಉಜ್ಜಿ
ಹೊದಿಕೆಯ ಹೂವೆಲ್ಲ ಮಾಸಿದ್ದು.
ಕೊಟ್ಟೆ.
"ಹಳೇದು" ಅಂದೆ, ಯಾಕೋ ಕ್ಷಮೆ ಕೇಳುವವಳಂತೆ.

ಡೊಂಬಿವಲಿಯ ಸೇತುವೆಯ ಕೆಳಗೆ
ಎರಡು ಬಾಳೆಹಣ್ಣು ಕೊಂಡು
ಜನ ಡಿಕ್ಕಿ ಹೊಡೆಯುತ್ತಿದ್ದರೂ
ನಿಂತಲ್ಲೇ ನಿಂತು ತಿಂದೆ. ನಿಧಾನವಾಗಿ.
ಒಳಜೇಬಿನ ಜಿಪ್ಪು
ತೆರೆದೇ ಇತ್ತು.