ಮೂರು ಸಾವಿರದ ಚುಕ್ಕೆ

ಗೋಣಿಕೊಪ್ಪದ ಸಂತೆಯ ದಿನ, ಹಸಿಮೀನಿನ ಸಾಲು ದಾಟಿ
ಮೊಯ್ದುವಿನ ಕೋವಿ ಅಂಗಡಿಗೆ ಹೋದೆ.
ಗಾಜಿನ ಮೇಜಿನ ಮೇಲೆ ಮೂರು ಡಬ್ಬಿ ಇಟ್ಟ.
ಮೂರು ಸಾವಿರದ ನಾನೂರು,
ಎಂಟು ಸಾವಿರ,
ಮೂರನೆಯದರ ಬೆಲೆ ಹೇಳಲಿಲ್ಲ.
ನನ್ನ ಚಪ್ಪಲಿ ನೋಡಿ ಬದಿಗೆ ಸರಿಸಿದ.

ಇಪ್ಪತ್ತಾರು ವರ್ಷ ಪೊನ್ನಂಪೇಟೆಯ ಬ್ಯಾಂಕಿನಲ್ಲಿ
ಬೇರೆಯವರ ದುಡ್ಡು ಎಣಿಸಿದವಳು ನಾನು.
ಹರಿದ ನೋಟು ಬೆರಳಿಗೇ ತಿಳಿಯುತ್ತದೆ.
ಕಣ್ಣಿಗೆ ಮಾತ್ರ ಈಚೆಗೆ
ಹಿಂದಿನ ಕಚ್ಚು ಕಂಡರೆ ಮುಂದಿನ ಮೊನೆ ಕಾಣದು,
ಮೊನೆ ಕಂಡರೆ ತೆಂಗಿನಕಾಯಿ ಬರೀ ಹೊಗೆ.
ಹೋದ ಕೈಲ್‌ಪೊಳ್ದಿನಲ್ಲಿ ಹೊಡೆದ ಮೂರು ಗುಂಡು
ಎಲ್ಲಿ ಹೋದವೆಂದು ಮರದ ತೊಗಟೆಗೇ ಗೊತ್ತು.
ಓರಗಿತ್ತಿ ಚೋಂದಮ್ಮ ಒಂದೇ ಏಟಿಗೆ ಕಾಯಿ ಸೀಳಿ
ಕುಕ್ಕರ್ ಗೆದ್ದಳು.
ಅದರ ಸೀಟಿ ಈಗಲೂ ಗೋಡೆಯಾಚೆಯಿಂದ
ನನಗೇ ಹೊಡೆದ ಹಾಗೆ ಹೊಡೆಯುತ್ತದೆ.

"ಕೆಂಪು ಚುಕ್ಕೆ ಹಾಕಿಸು ಚಿಕ್ಕಮ್ಮಾ," ಅಂದಿದ್ದ ಜಪ್ಪು,
"ಕಚ್ಚು, ಮೊನೆ, ಜೋಡಿಸುವ ಗೋಜೇ ಇಲ್ಲ.
ಎರಡೂ ಕಣ್ಣು ತೆರೆದಿಡು, ಚುಕ್ಕೆ ಎಲ್ಲಿ ಕೂತಿತೋ
ಗುಂಡು ಅಲ್ಲಿಗೆ."
ಅವನ ಬಾಯಲ್ಲಿ ಎಲ್ಲವೂ ಹೀಗೇ ಸಲೀಸು.

ಅಗ್ಗದ್ದನ್ನು ಮೊದಲು ಎತ್ತಿಕೊಂಡೆ.
ಗಾಜಿಗೆ ತುಸು ನೀಲಿ ಛಾಯೆ, ಅದಕ್ಕೆ ಚಿಂತೆಯಿಲ್ಲ ಅಂದ ಮೊಯ್ದು.
ಆರಿಸಲು ಮರೆತಿರೋ, ಸೆಲ್ಲು ಸತ್ತಿರುತ್ತದೆ.
ಹನ್ನೆರಡು ಬೋರಿನ ಒದೆತಕ್ಕೆ ತಡೆಯದು,
ನಿಮ್ಮ ಮಾವನವರ ಪಾಯಿಂಟ್ ಟೂಟೂಗೆ ಧಾರಾಳ.
ಸ್ಕ್ರೂ ಮಾತ್ರ ಬಿಗಿಯಾಗಿ ಕೂರಿಸಿ,
ಸಡಿಲಾದರೆ ಮೂವತ್ತು ಸಾವಿರದ್ದೂ ಸುಳ್ಳು ಹೇಳುತ್ತದೆ.
ಮಳೆಯಲ್ಲಿ?
ಮಳೆಯಲ್ಲಿ ನೀವು ಯಾಕೆ ಹೊಡೀತೀರಿ?

ಬಾಗಿಲಲ್ಲಿ ನಿಂತು, ಎದುರಿನ ಬೇಕರಿ ಬೋರ್ಡಿನ
'ರಿ' ಮೇಲೆ ಚುಕ್ಕೆ ಇಟ್ಟೆ.

ಚುಕ್ಕೆಯಲ್ಲ.
ತೋಕ್ ಪೂ.
ಎಳೆ ಎಳೆಯಾಗಿ ಬಿಚ್ಚಿ, ಒಂದೆಸಳು ಮಾತ್ರ ಉದ್ದ,
ಕೆಳಗೆ ಬಲಕ್ಕೆ ಜಾರಿದ ಕೆಂಪು.
ಹಬ್ಬದ ಬೆಳಿಗ್ಗೆ ನಳಿಗೆಯ ಬಾಯಿಗೆ ಸಿಕ್ಕಿಸುತ್ತೇವಲ್ಲ,
ಅದೇ.

ಮೂರು ಸಾವಿರಕ್ಕೆ ಇಷ್ಟೇ, ಅಂದೆ.
ಎಂಟು ಸಾವಿರದ್ದು ಕೊಟ್ಟ. ಅದರಲ್ಲೂ ಹೂವು.
ಬೆಲೆ ಹೇಳದ್ದನ್ನು ಬಿಚ್ಚಿ, ಎರಡೂ ಕೈಯಲ್ಲಿ ಕೊಟ್ಟ.
ಹೂವೇ.
ಎಲ್ಲಾ ಕಳ್ಳ ಮಾಲು ಎಂದೆ, ಕ್ಯಾಷಿಯರ್ ದನಿಯಲ್ಲಿ.

ಮೊಯ್ದು ಸಿಟ್ಟಾಗಲಿಲ್ಲ. ಅಗ್ಗದ ಗಾಜಿನ ಹಿಂದೆ
ತನ್ನ ಮೊಬೈಲು ಹಿಡಿದು ಒಂದು ಫೋಟೋ ತೆಗೆದು
ತೋರಿಸಿದ.
ಬೇಕರಿಯ 'ರಿ' ಮೇಲೆ
ಸೂಜಿ ಚುಚ್ಚಿ ತೆಗೆದ ಹಾಗೆ, ದುಂಡಗೆ,
ಒಂದು ಹನಿ.

ಗಾಜು ಸರಿ ಇದೆ ಅಮ್ಮಾ.

ಹೊರಗೆ ಮೀನಿನವನು ಮತ್ತಿಯ ಬೆಲೆ ಇಳಿಸುತ್ತಿದ್ದ.
ಯಾರೂ ನೋಡಲಿಲ್ಲ, ಆದರೂ ಸೆರಗು ಸರಿಮಾಡಿಕೊಂಡೆ.
ಬೀದಿದೀಪಕ್ಕೆ ಮುಳ್ಳು, ಚಂದ್ರನಿಗೆ ಬಾಲ,
ಎಲ್ಲರಿಗೂ ಹಾಗೇ ಎಂದುಕೊಂಡಿದ್ದೆ ಇಷ್ಟು ವರ್ಷ.
ಮಾವ ತೀರಿದ ರಾತ್ರಿ ಅಂಗಳದಲ್ಲಿ ಎರಡು ಗುಂಡು ಹಾರಿಸಿದಾಗ
ನಳಿಗೆಯ ತುದಿಗೆ ಚಿಮ್ಮಿದ ಬೆಂಕಿ
ನಿಜಕ್ಕೂ ಎಷ್ಟು ದೊಡ್ಡದಿತ್ತು,
ಯಾರನ್ನು ಕೇಳಲಿ?

ಬಸ್ ನಿಲ್ದಾಣದ ಪಕ್ಕದ ಕನ್ನಡಕದಂಗಡಿಯ ಹುಡುಗ
ಸಿಲಿಂಡರ್ ಪವರ್ ಇದೆ ಆಂಟಿ, ಚಿಕ್ಕಂದಿನಿಂದಲೇ, ಅಂದ.
ಎರಡು ಸಾವಿರದ ನೂರು.
ಉಳಿದದ್ದರಲ್ಲಿ ಮೊಯ್ದುವಿನಲ್ಲಿ ಒಂದು ಡಬ್ಬಿ ಗುಂಡು,
ಎರಡು ಕಿಲೋ ಮತ್ತಿ.
ಚುಕ್ಕೆ ಎತ್ತಿಡು, ಹಬ್ಬ ಕಳೆಯಲಿ ಎಂದೆ.
ಡಬ್ಬಿಯ ಮೇಲೆ ನನ್ನ ಹೆಸರು ಬರೆದ, ತಪ್ಪಾಗಿ.

ಗುರುವಾರ ಕನ್ನಡಕ ಬಂತು.
ಗೋಡೆಯಿಂದ ಕೋವಿ ಇಳಿಸಿ, ಖಾಲಿಯೆಂದು ಎರಡು ಸಲ ನೋಡಿ
ಕೆನ್ನೆಗಿಟ್ಟೆ.
ಮೊನೆ ಮೊನೆಯಾಗಿತ್ತು.
ಹಿಂದಿನ ಕಚ್ಚು ಇನ್ನೂ ಹೊಗೆ. ಅದು ವಯಸ್ಸಂತೆ,
ಅದಕ್ಕೆ ಬೇರೆ ಗಾಜು, ಬೇರೆ ರೇಟು.
ಗೋಡೆಯಾಚೆ ಸೀಟಿ ಹೊಡೆಯಿತು.
ಉಸಿರು ಹಿಡಿದು ಎಣಿಸಿದೆ.
ಮೂರು.