ಉದ್ರಿ ಪುಸ್ತಕ

ಮೊಗದಿಶುವಿನಲ್ಲಿ ನಾಲ್ಕು ರಸ್ತೆ ಕೂಡುವಲ್ಲಿ
ಶಂಕರೋನ್ ಚಹಾ ಮಾರುತ್ತಾಳೆ.
ಐದು ಗಂಡಿಗಿಂತ ಈ ಒಂದು ಹೆಣ್ಣು ಮೇಲು ಎಂದು
ಅಪ್ಪ ಇಟ್ಟ ಹೆಸರು.
ಐದರ ಮಗ್ಗಿ ಬಾರದು, ಅಕ್ಷರವೂ ಬಾರದು,
ಅದಕ್ಕೇ ಉದ್ರಿ ಪುಸ್ತಕದ ತುಂಬ ಚಿತ್ರ.
ಲೋಟಕ್ಕೊಂದು ಗೆರೆ.

ಮೂರು ಗಾಲಿ ಇದ್ದರೆ ಗೂಲೇದ್.
ಅಲ್ಲಿ ಆಟೋಗೆ ಬಜಾಜ್ ಎಂದೇ ಹೆಸರು;
ಇಂಜಿನ್ ಆರಿಸದೆ ಕುಡಿಯುತ್ತಿದ್ದ,
ಸಕ್ಕರೆ ನಾಲ್ಕು ಚಮಚ,
ಮೇಲೆ ಅದೇ ಹಳೇ ಸುಳ್ಳು: ನಾಳೆ ಕೊಡ್ತೀನಿ.
ಸೂಜಿ ಇದ್ದರೆ ಉಬಾಹ್, ನರ್ಸಿಂಗ್ ಎರಡನೇ ವರ್ಷ,
ರಕ್ತ ಕಂಡರೆ ಇನ್ನೂ ತಲೆ ಸುತ್ತುತ್ತದೆ ಎಂದು
ಶಂಕರೋನ್ ಒಬ್ಬಳಿಗೇ ಹೇಳಿದ್ದಳು.
ಮೂಟೆ ಎಂದರೆ ಸಿಮೆಂಟು ಹೊರುವ ದಿರಿಯೆ.
ಅವನು ಊದಿ ಊದಿ ಕುಡಿಯುವಾಗ
ರೆಪ್ಪೆಯಿಂದ ಉದುರಿದ ಬೂದಿ
ಕೆನೆಯ ಮೇಲೆ ಕೂರುತ್ತಿತ್ತು.
ಇನ್ನೊಬ್ಬನ ಹೆಸರು ಕೇಳಿರಲೇ ಇಲ್ಲ,
ಕಿವಿಗೆ ರೇಡಿಯೊ ಒತ್ತಿಕೊಂಡೇ ಬರುತ್ತಿದ್ದ.
ಅವನಿಗೊಂದು ಕಿವಿ.

ಲಾರಿ ಬಂದ ದಿನ ಅವಳು ಅಲ್ಲಿರಲಿಲ್ಲ.
ದವಡೆ ಹಲ್ಲು ಕೀಳಿಸಲು ಹೋಗಿದ್ದಳು.
ಇದನ್ನು ಯಾರಿಗೂ ಹೇಳುವುದಿಲ್ಲ;
ನಾಲಿಗೆ ಮಾತ್ರ ಆಗಾಗ ಆ ಗುಳಿಗೆ ಹೋಗಿ ಬರುತ್ತದೆ.

ಮಧ್ಯಾಹ್ನ ಒಂದು ಸಂಖ್ಯೆ ಹೇಳಿದರು,
ಸಂಜೆಗೆ ಇನ್ನೊಂದು,
ಶುಕ್ರವಾರದ ಹೊತ್ತಿಗೆ ಮತ್ತೂ ದೊಡ್ಡದು.
ಅವಳು ಪುಸ್ತಕದ ಮೇಲೆ ಬೆರಳಿಟ್ಟು
ಗಾಲಿ, ಸೂಜಿ, ಮೂಟೆ, ಎಂದು ಹೋದಳು.
ಕಿವಿಯ ಹತ್ತಿರ ನಿಂತಳು.
ಅವನು ಬದುಕಿದ್ದಾನೋ ಇಲ್ಲವೋ
ಯಾರನ್ನು ಕೇಳುವುದು, ಏನೆಂದು ಕೇಳುವುದು?

ಸತ್ತರೆ ಋಣ ತೀರಿತು ಅನ್ನುತ್ತೇವೆ ನಾವು.
ಅವಳ ಕಿವಿಗೆ ಬಿದ್ದಿದ್ದರೆ ಜಗಳಕ್ಕೇ ಬರುತ್ತಿದ್ದಳು:
ಎಲ್ಲಿ ತೀರಿತು?
ಗೂಲೇದ್ ಒಬ್ಬನದೇ ಮೂವತ್ತೆರಡು ಲೋಟ!

ನಲವತ್ತು ದಿನ ಕಳೆದು ಒಬ್ಬ ಹುಡುಗಿ ಬಂದಳು,
ಹುಬ್ಬು ಥೇಟು ಅವನದೇ.
ಸಾಲ ಉಳಿಸಿ ಹೋದವರ ಜೀವ
ನಡುವೆಯೇ ನೇತಾಡುತ್ತದಂತೆ.
ನಂಬರ್ ಹೇಳಿ, ಫೋನಿನಲ್ಲೇ ಕಳಿಸುತ್ತೇನೆ,
ಅಪ್ಪನದು ಎಷ್ಟಿತ್ತು?

ಶಂಕರೋನ್ ಬೆಂಕಿ ಊದಿದಳು.
ಅವತ್ತೇ ಮಾಫಿ ಮಾಡಿದೆ ಮಗಳೇ,
ದೇವರಿಗೆ ಹೇಳಿಯಾಗಿದೆ.
ಪುಸ್ತಕಕ್ಕೆ ಇನ್ನೂ ಹೇಳಿಲ್ಲ.
ಕೂತುಕೋ.

ಹುಡುಗಿ ಕೂತಳು, ಫೋನನ್ನು ಮಡಿಲಲ್ಲಿ ಬೋರಲು ಹಾಕಿ.
ಏಲಕ್ಕಿ ಕುಟ್ಟುವ ಸದ್ದು.
ರಸ್ತೆಯಾಚೆ ಗಾಜಿಲ್ಲದ ಕಿಟಕಿಗೆ
ಯಾರೋ ನೀಲಿ ಪ್ಲಾಸ್ಟಿಕ್ ಹೊಡೆಯುತ್ತಿದ್ದರು.
ಸಕ್ಕರೆ ಎಷ್ಟು ಎಂದು ಕೇಳಲಿಲ್ಲ,
ನಾಲ್ಕು ಹಾಕಿದಳು.
ಹುಡುಗಿ ಒಂದು ಗುಟುಕಿಗೇ ಮುಖ ಕಿವಿಚಿ,
ಆಮೇಲೆ ಪೂರ್ತಿ ಕುಡಿದಳು.

ಲೋಟ ತೊಳೆದಿಟ್ಟು
ಶಂಕರೋನ್ ಪೆನ್ಸಿಲ್ ಹುಡುಕಿದಳು.
ಮೂರು ಗಾಲಿಯ ಕೆಳಗೆ
ಮೂವತ್ತಮೂರನೆಯ ಗೆರೆ.