ಹೊಸಬಳು

ಸಹಿ ಹಾಕಿದ್ದಕ್ಕೆ ಟೀಗನ್‌ಗೆ ಹದಿನೈದು ಸಾವಿರ ಡಾಲರ್.
ಕೆಲಸ ಮಾಡಿದ್ದಕ್ಕಲ್ಲ, ಮಾಡುತ್ತೇನೆ ಅಂದದ್ದಕ್ಕೆ.
ಊಟದ ಕೋಣೆಯಲ್ಲಿ ಅವಳೇ ಹೇಳಿದಳು,
ಬಾಯಲ್ಲಿ ಅರ್ಧ ಸ್ಯಾಂಡ್‌ವಿಚ್ಚು, ಮುಚ್ಚುಮರೆಯಿಲ್ಲ.
ದುಡ್ಡಿನ ಮಾತನ್ನು ಪಿಸುಗುಟ್ಟಬೇಕೆಂದು
ಇಪ್ಪತ್ತಮೂರರ ಹುಡುಗಿಗೆ ಯಾರೂ ಕಲಿಸಿಲ್ಲ.

ಮೈಕ್ರೋವೇವ್ ಒಳಗೆ ನನ್ನ ಸೂಪು ತಿರುಗುತ್ತಿತ್ತು.
ನಾನು ಅದನ್ನೇ ನೋಡುತ್ತಿದ್ದೆ.

ಡುಲೂತಿನ ಈ ಗುಡ್ಡದ ಆಸ್ಪತ್ರೆಯಲ್ಲಿ
ನನಗೆ ಇಪ್ಪತ್ತೊಂಬತ್ತು ಚಳಿಗಾಲ.
ಇಪ್ಪತ್ತೈದು ತುಂಬಿದಾಗ ಒಂದು ಕೇಕು ತಂದರು.
ಆರ್ಡಿಸ್ ನಿಯೆಮಿ ಎಂದಿರಬೇಕಾದಲ್ಲಿ
ಆರ್ಲಿಸ್ ಎಂದಿತ್ತು, ನೀಲಿ ಕೆನೆಯಲ್ಲಿ.
ಆ ತಪ್ಪಕ್ಷರವನ್ನೇ ಕತ್ತರಿಸಿ ನನ್ನ ತಟ್ಟೆಗಿಟ್ಟರು. ತಿಂದೆ.
ಜೊತೆಗೆ ಕಾಲರಿಗೆ ಚುಚ್ಚುವ ಪಿನ್ನು;
ತಿರುಪು ಸಡಿಲವಿತ್ತು, ಲಾಂಡ್ರಿಯಲ್ಲಿ ಹೋಯಿತು.

ಹೊಟ್ಟೆ ಉರಿಯಿತೇ ಅಂದರೆ, ಉರಿಯಿತು,
ಒಂದು ಮಂಗಳವಾರದ ಮಟ್ಟಿಗೆ.
ಆಮೇಲೆ ಲೆಕ್ಕ ಕೇಳಿದೆ.
ತೆರಿಗೆ ಕಳೆದು ಕೈಗೆ ಬಂದದ್ದು ಹತ್ತು ಸಾವಿರ ಚಿಲ್ಲರೆ.
ಅಮ್ಮನ ಕೆಳದವಡೆಗೆ ಆರು ಹಲ್ಲು,
ಕಾರಿಗೆ ಗೇರ್‌ಬಾಕ್ಸು,
ಉಳಿದದ್ದು ಕಾಲೇಜಿನ ಸಾಲಕ್ಕೆ,
ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.
ನಾಲ್ಕನೇ ಪುಟ ಓದಿದ್ದೀಯಾ, ಅಂದೆ.
ಓದಿರಲಿಲ್ಲ.
ಇಪ್ಪತ್ತನಾಲ್ಕು ತಿಂಗಳೊಳಗೆ ಬಿಟ್ಟುಹೋದರೆ
ಅಷ್ಟೂ ವಾಪಸು, ತೆರಿಗೆಗೆ ಹೋದದ್ದೂ ಸೇರಿ.
ಅಂದರೆ ಅಮ್ಮನ ಹಲ್ಲು ಇನ್ನೂ ಆಸ್ಪತ್ರೆಯದೇ.
ಎರಡು ವರ್ಷ ಮೆಲ್ಲಗೆ ಅಗಿಯಬೇಕು.

ಅವಳಿಗೆ ನರ ಹಿಡಿಯಲು ಕಲಿಸಿದವಳು ನಾನು.
ಕಣ್ಣನ್ನು ನಂಬಬೇಡ, ಬೆರಳನ್ನು ನಂಬು.
ಮುದುಕರ ನರ ಜಾರಿಕೊಳ್ಳುತ್ತದೆ, ಅಟ್ಟಿಸಿಕೊಂಡು ಹೋಗಬೇಡ,
ಹೆಬ್ಬೆರಳಿನಿಂದ ಚರ್ಮ ಎಳೆದು ಹಿಡಿ,
ಅವರ ಮೊಮ್ಮಕ್ಕಳ ಹೆಸರು ಕೇಳು.
ಇದಕ್ಕೆ ಯಾವ ಪುಟದಲ್ಲೂ ಸಾಲಿರಲಿಲ್ಲ.

ಮಾರ್ಚಿನಲ್ಲಿ ಮೇಲಿನ ಮಹಡಿಗೆ ಹೋಗಿ ಕೇಳಿದೆ.
ಸುಂಡ್ವಾಲ್ ಒಳ್ಳೆಯವನೇ, ಎದ್ದು ಕುರ್ಚಿ ಎಳೆದುಕೊಟ್ಟ.
"ಆ ಬಾಬ್ತು ಬೇರೆ, ಆರ್ಡಿಸ್. ಅದು ಕರೆತರಲು.
ಇರುವವರಿಗೆ ಅದರಲ್ಲಿ ಕಾಲಮ್ಮೇ ಇಲ್ಲ."
ಹಿತ್ತಲ ಗಿಡ ಅಂತ ಅವನು ಅನ್ನಲಿಲ್ಲ,
ಅನ್ನುವ ಅಗತ್ಯ ಬೀಳಲಿಲ್ಲ.
ಅವನ ಕಿಟಕಿಯಾಚೆ ಅದಿರಿನ ಹಡಗೊಂದು
ಮಂಜುಗಡ್ಡೆ ಬಿರಿಯಲೆಂದು ಕಾದು ನಿಂತಿತ್ತು.

ಸೇತುವೆ ದಾಟಿದರೆ ಸುಪೀರಿಯರ್.
ಬೇರೆ ರಾಜ್ಯ, ಬೇರೆ ಆಸ್ಪತ್ರೆ, ಅದೇ ಗಾಳಿ.
ಅಲ್ಲಿ ನಾನು ಹೊಸಬಳು.
ಐವತ್ತೆಂಟರಲ್ಲಿ, ಮಂಡಿಯೊಳಗೆ ಲೋಹವಿಟ್ಟುಕೊಂಡು,
ಹೊಸಬಳು!
ಹನ್ನೆರಡು ಸಾವಿರ.
ಸಹಿಗೆ ಮುಂಚೆ ನಾಲ್ಕನೇ ಪುಟವನ್ನು ಎರಡು ಸಲ ಓದಿದೆ.

ಬಿಡುವ ದಿನ ಮತ್ತೆ ಕೇಕು. ಈ ಸಲ ಹೆಸರು ಸರಿಯಿತ್ತು.
ಮುಂದಿನ ವಾರವೇ ಸಿಟಿ ಬಸ್ಸಿನ ಬೆನ್ನಮೇಲೆ
ನನ್ನ ಜಾಗ ಊರು ಸುತ್ತುತ್ತಿತ್ತು:
ರಾತ್ರಿ ಪಾಳಿ, ಅನುಭವಿಗಳು ಬೇಕು, ಹದಿನೆಂಟು ಸಾವಿರ.
ಕೆಂಪು ದೀಪಕ್ಕೆ ಅದರ ಹಿಂದೆಯೇ ನಿಂತು ನಕ್ಕೆ,
ಪಕ್ಕದ ಕಾರಿನವನು ಗಾಜು ಏರಿಸಿಕೊಂಡ.

ಮೊದಲ ದಿನ ಎಂಟು ಜನ ಮಕ್ಕಳ ನಡುವೆ ಕೂರಿಸಿ
ಕೈ ತೊಳೆಯುವುದು ಹೇಗೆಂದು ವಿಡಿಯೋ ತೋರಿಸಿದರು.
ಪೂರ್ತಿ ನೋಡಿದೆ. ಚೆನ್ನಾಗಿಯೇ ಇತ್ತು.
ಊಟದ ಕೋಣೆಯಲ್ಲಿ ನನ್ನ ವಯಸ್ಸಿನವಳೊಬ್ಬಳು, ಬರ್ನೆಟ್,
ಮೈಕ್ರೋವೇವಿಗೆ ಮುಖ ಮಾಡಿ ನಿಂತಿದ್ದಳು.
ಎಷ್ಟು ಕೊಟ್ಟರೆಂದು ಕೇಳಲಿಲ್ಲ.
ನಾನೂ ಬಾಯಿ ಬಿಡಲಿಲ್ಲ.
ಅವಳ ಸೂಪು ಸುತ್ತು ಮುಗಿಸುವವರೆಗೆ
ಇಬ್ಬರೂ ಅದನ್ನೇ ನೋಡಿದೆವು.

ದುಡ್ಡು ಬ್ಯಾಂಕಿನಲ್ಲಿದೆ, ಮುಟ್ಟಿಲ್ಲ.
ಇನ್ನೂ ಹತ್ತೊಂಬತ್ತು ತಿಂಗಳು ಅದು ನನ್ನ ಮನೆಯ ನೆಂಟ.

ನಿನ್ನೆ ರಾತ್ರಿ ಮೂರಕ್ಕೆ ಫೋನು ಮಿಣುಕಿತು. ಟೀಗನ್.
ಎಂಬತ್ತೊಂದರ ಅಜ್ಜಿ, ಎರಡು ಸಲ ಚುಚ್ಚಿದೆ, ಸಿಗುತ್ತಿಲ್ಲ,
ಇವತ್ತು ಪಾಳಿಯಲ್ಲಿ ಎಲ್ಲರೂ ನನ್ನಂಥವರೇ.
ಕೊಲ್ಲಿಯ ಈ ದಡದಿಂದ ಬರೆದೆ:
ಅವರ ಕೈ ಕೆಳಗೆ ಇಳಿಬಿಡು.
ಬಿಸಿ ಬಟ್ಟೆ ಸುತ್ತು. ಐದು ನಿಮಿಷ.
ನೀನೂ ಕೂತ್ಕೋ.